ದಿನಕ್ಕೆ ನಲವತ್ತು ನಿಮಿಷದಲ್ಲಿ ಕಾದಂಬರಿ ಬರೆಯೋದು ಹೇಗೆ

ನಮ್ಮಪ್ಪನ ಗದ್ದೆಗೆ ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ ನೀರು. ಕಟ್ಟು ಪದ್ಧತಿ ಬಂತು ಅಂದ್ರೆ ಇಷ್ಟು ದಿನ ನೀರು, ಆಮೇಲೆ ಬಂದ್, ಬಿಟ್ಟಾಗ್ಲೂ ಒಬ್ಬೊಬ್ರಿಗೆ ಒಂದೊಂದು ಸರದಿ, ನಮ್ಮ ಸರದಿ ರಾತ್ರಿ ಎರಡು ಗಂಟೆಗೆ ಬಂದ್ರೆ ಎರಡು ಗಂಟೆಗೇ ಗುದ್ದಲಿ ಟಾರ್ಚು ಹಿಡ್ಕೊಂಡು ಹೋಗ್ಬೇಕು, ನಿದ್ದೆ ಬರ್ತಿದೆ ಬೆಳಿಗ್ಗೆ ಬಿಟ್ಕೊಡಿ ಅಂದ್ರೆ ನೀರು ಕಾಯಲ್ಲ. ಹೋದ್ಮೇಲೆ ಕಾಲುವೇಲಿ ಹೂಳು, ಜೊಂಡು ತೆಗೀತಾ ಕೂತ್ರೆ ಸರದಿ ಟೈಮೆಲ್ಲ ಅದಕ್ಕೇ ಮುಗಿಯುತ್ತೆ, ಅದಕ್ಕೇ ಅಪ್ಪ ಹಿಂದಿನ ದಿನ ಸಂಜೆನೇ ಹೋಗಿ ಕಾಲುವೆ ಕೆರೆದು, ಬದು ಕಟ್ಟಿ, ಎಲ್ಲಿ ಒಡೀಬೇಕು ಎಲ್ಲಿ ಮುಚ್ಚಬೇಕು ಅಂತ ಗುರುತು ಮಾಡಿಟ್ಟು ಬರ್ತಿದ್ರು. ರಾತ್ರಿ ಹೋಗಿ ಒಂದು ಗುದ್ದಲಿ ಮಣ್ಣು ಎತ್ತಿದ್ರೆ ಸಾಕು, ನೀರು ತಾನೇ ಹರಿಯೋದು.

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡ್ಕೊಂಡು ಒಂದು ಆಫೀಸಲ್ಲಿ ಲೆಕ್ಕಪತ್ರ ನೋಡೋಳು, ಮನೇಲಿ ಅತ್ತೆ, ಗಂಡ, ಹೈಸ್ಕೂಲಿಗೆ ಹೋಗೋ ಮಗಳು ಇದಾರೆ. ಇಷ್ಟರ ಮಧ್ಯೆ ನಾಲ್ಕು ವರ್ಷದಲ್ಲಿ ಒಂದು ಕಾದಂಬರಿ ಮುಗಿಸಿ ಅಚ್ಚು ಮಾಡ್ಸಿದೀನಿ, ಎರಡನೇದು ಅರ್ಧ ಆಗಿದೆ. ಹೇಗೆ ಮಾಡಿದ್ರಿ ಅಂತ ಸುಮಾರು ಜನ ಕೇಳ್ತಾರೆ, ಅದರಲ್ಲೂ ಮನೆ ನೋಡ್ಕೊಳೋ ಹೆಣ್ಮಕ್ಳು, ಕೆಲ್ಸಕ್ಕೆ ಹೋಗೋ ಹುಡುಗ್ರು ಕೇಳ್ತಾರೆ, ಅವರಿಗೋಸ್ಕರ ನಂಗೆ ಗೊತ್ತಿರೋದನ್ನೆಲ್ಲ ಬರೀತಿದೀನಿ. ಅಪ್ಪ ಕಾಲುವೆಗೆ ಮಾಡ್ತಿದ್ದದ್ದನ್ನೇ ನಾನು ಬರವಣಿಗೆಗೆ ಮಾಡಿದ್ದು, ಬೇರೆ ಗುಟ್ಟೇನೂ ಇಲ್ಲ.

ಮೊದಲು ನಿಮ್ಮ ಸರದಿ ಯಾವುದು ಅಂತ ಹುಡುಕಿ. ಒಂದು ವಾರ ಏನೂ ಬರೀಬೇಡಿ, ಸುಮ್ನೆ ಗಮನಿಸಿ, ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೂ ಯಾವ ಹೊತ್ತಲ್ಲಿ ನಿಮ್ಮನ್ನ ಯಾರೂ ಕರೆಯಲ್ಲ ಅಂತ. ನಂಗೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬರೀಬೇಕು ಅಂತ ಆಸೆ ಇತ್ತು, ದೊಡ್ಡ ಸಾಹಿತಿಗಳೆಲ್ಲ ಹಾಗೇ ಮಾಡ್ತಿದ್ರು ಅಂತ ಓದಿದ್ದೆ, ಎಂಟು ದಿನ ಎದ್ದೆ, ಒಂಬತ್ತನೇ ದಿನ ಆಫೀಸಲ್ಲಿ ಲೆಕ್ಕ ತಪ್ಪಿ ಬೈಸ್ಕೊಂಡೆ. ಆಮೇಲೆ ಗೊತ್ತಾಗಿದ್ದು ನನ್ನ ಸರದಿ ರೈಲಲ್ಲಿದೆ ಅಂತ. ಮಂಡ್ಯ ಬಿಟ್ರೆ ಮೈಸೂರಿಗೆ ಮುಕ್ಕಾಲು ಗಂಟೆ ಆಸುಪಾಸು, ಹತ್ತಿ ಕೂರೋಕೆ ಇಳಿಯೋಕೆ ಐದು ನಿಮಿಷ ಕಳೆದ್ರೂ ನಲವತ್ತು ನಿಮಿಷ ಗ್ಯಾರಂಟಿ, ಹೋಗ್ತಾ ಬರೆಯೋದು, ಬರ್ತಾ ಸುಸ್ತಾಗಿರುತ್ತೆ ಓದೋದು ಅಷ್ಟೆ. ಮಕ್ಕಳು ಪರೀಕ್ಷೆಗೆ ಒಯ್ಯೋ ಕ್ಲಿಪ್ ಇರೋ ಪ್ಯಾಡು, ಅದಕ್ಕೆ ಬಿಳಿ ಹಾಳೆ, ಎರಡು ಪೆನ್ನು. ಯಲಿಯೂರು ದಾಟೋವರೆಗೂ ನಿನ್ನೆದು ಓದೋದು, ಅಲ್ಲಿಂದ ಬರೆಯೋಕೆ ಶುರು, ಶ್ರೀರಂಗಪಟ್ಟಣದ ಹೊಳೆ ಸೇತುವೆ ಸದ್ದು ಕೇಳಿದ್ರೆ ಇನ್ನು ಸ್ವಲ್ಪಾನೇ ಟೈಮು ಅಂತ ಕೈ ಜೋರಾಗೋದು, ನಾಗನಹಳ್ಳಿ ಬಂದ್ರೆ ಪೆನ್ ಮುಚ್ಚೋದು. ಆರು ತಿಂಗಳಾದ್ಮೇಲೆ ಎಷ್ಟು ಅಭ್ಯಾಸ ಆಯ್ತು ಅಂದ್ರೆ ರೈಲು ಅಲ್ಲಾಡಿದ ತಕ್ಷಣ ಪಾತ್ರಗಳು ಮಾತಾಡೋಕೆ ಶುರು ಮಾಡ್ತಿದ್ವು, ಭಾನುವಾರ ಮನೇಲಿ ಮೇಜಿನ ಮುಂದೆ ಕೂತ್ರೆ ಒಂದು ಸಾಲೂ ಬರ್ತಿರ್ಲಿಲ್ಲ.

ರೈಲಲ್ಲಿ ಬರೆಯೋದು ಅಂದ್ರೆ ಜನ ನಂಬಲ್ಲ. ಇಂಗ್ಲೆಂಡಿನ ಆಂಥನಿ ಟ್ರೋಲಪ್ ಅಂತ ಕಾದಂಬರಿಕಾರ, 19ನೇ ಶತಮಾನದವರು, ಅಂಚೆ ಇಲಾಖೇಲಿ ಕೆಲಸ, ಊರೂರು ಸುತ್ತೋ ಕೆಲಸ ಆಗಿದ್ರಿಂದ ರೈಲಲ್ಲಿ ಕೂತು ಪೆನ್ಸಿಲಲ್ಲಿ ಬರೀತಿದ್ರು, ಆಮೇಲೆ ಅದನ್ನ ಹೆಂಡತಿ ಚೊಕ್ಕಟವಾಗಿ ಪ್ರತಿ ಮಾಡ್ತಿದ್ರು. ಮನೇಲಿದ್ದಾಗ ಬೆಳಿಗ್ಗೆ ಐದೂವರೆಗೆ ಕೂತು ಗಡಿಯಾರ ಮುಂದೆ ಇಟ್ಕೊಂಡು ಕಾಲು ಗಂಟೆಗೆ 250 ಪದ ಅಂತ ಲೆಕ್ಕ, ತನ್ನನ್ನ ಎಬ್ಬಿಸಿ ಕಾಫಿ ಕೊಡೋ ಆಳಿಗೆ ವರ್ಷಕ್ಕೆ ಐದು ಪೌಂಡು ಜಾಸ್ತಿ ಕೊಡ್ತಿದ್ರಂತೆ. ಹಂಗೇ 47 ಕಾದಂಬರಿ ಬರೆದ್ರು. ನಂಗೆ ಅವರ ಸ್ಪೀಡು ಯಾವತ್ತೂ ಬರ್ಲಿಲ್ಲ, ಆದ್ರೆ ರೈಲು ಮತ್ತೆ ಪೆನ್ಸಿಲಿನ ವಿಷಯ ಓದಿದ ದಿನ ತುಂಬಾ ಧೈರ್ಯ ಬಂತು. ಹೆಂಡತಿ ಪ್ರತಿ ಮಾಡಿಕೊಟ್ಟಿದ್ದನ್ನ ಓದಿದಾಗ ಬೇರೆ ಯೋಚನೇನೂ ಬಂತು, ನಮ್ಮಂಥೋರಿಗೆ ಅದನ್ನೂ ನಾವೇ ಮಾಡ್ಕೋಬೇಕು, ಹಾಗಾಗಿ ನಮ್ಮ ಲೆಕ್ಕದಲ್ಲಿ ವರ್ಷ ಜಾಸ್ತಿ ಇಟ್ಕೋಬೇಕು.

ಲೆಕ್ಕ ಅಂದ್ನಲ್ಲ, ಅದನ್ನೂ ಹೇಳ್ಬಿಡ್ತೀನಿ. ಕನ್ನಡ ಕಾದಂಬರಿ ಸಾಮಾನ್ಯವಾಗಿ ಡೆಮಿ 1/8 ಅನ್ನೋ ಮಾಮೂಲಿ ಪುಸ್ತಕದ ಸೈಜಲ್ಲಿ ಅಚ್ಚಾಗುತ್ತೆ, ಒಂದು ಪುಟಕ್ಕೆ ಅಕ್ಷರದ ಸೈಜ್ ಮೇಲೆ 230ರಿಂದ 270 ಪದ ಕೂರುತ್ತೆ. ಪ್ರೆಸ್ಸಿನೋರು ಪುಟ ಅನ್ನೋಕಿಂತ ಫಾರಂ ಅಂತಾರೆ, 16 ಪುಟಕ್ಕೆ ಒಂದು ಫಾರಂ, 13 ಫಾರಂ ಅಂದ್ರೆ 208 ಪುಟ. ಅಂದ್ರೆ ಸುಮಾರು 50 ಸಾವಿರ ಪದ. ದಿನಕ್ಕೆ ಒಂದು ಪುಟ, ವಾರಕ್ಕೆ ಐದು ದಿನ ಅಂದ್ರೂ ಹತ್ತು ತಿಂಗಳಿಗೆ ಕರಡು ಪ್ರತಿ ಮುಗೀಬೇಕು. ನಂಗೆ ಹಬ್ಬ, ಮಗಳ ಪರೀಕ್ಷೆ, ಅತ್ತೆ ಆಸ್ಪತ್ರೆ ಎಲ್ಲ ಸೇರಿ ಒಂದೂವರೆ ವರ್ಷ ಆಯ್ತು. ಉಳಿದ ಎರಡೂವರೆ ವರ್ಷ ತಿದ್ದೋದಕ್ಕೆ ಮತ್ತೆ ಪ್ರಕಾಶಕರನ್ನ ಕಾಯೋದಕ್ಕೆ.

ಈಗ ಕಾಲುವೆ ಕೆರೆಯೋ ವಿಷಯ, ಇದು ಮುಖ್ಯ, ದಯವಿಟ್ಟು ಇದನ್ನ ಬಿಡಬೇಡಿ. ನಲವತ್ತು ನಿಮಿಷ ಸಿಕ್ಕಾಗ ಇವತ್ತು ಏನು ಬರೀಲಿ ಅಂತ ಯೋಚ್ನೆ ಮಾಡ್ತಾ ಕೂತ್ರೆ ಇಪ್ಪತ್ತು ನಿಮಿಷ ಅಲ್ಲೇ ಹೋಯ್ತು. ಯೋಚ್ನೆ ಮಾಡೋಕೆ ಬೇರೆ ಹೊತ್ತಿದೆ, ಪಾತ್ರೆ ತೊಳಿಯೋವಾಗ, ಬಟ್ಟೆ ಒಣಗಾಕೋವಾಗ, ಬಸ್ಸಿಗೆ ಕಾಯೋವಾಗ ಕೈ ಮಾತ್ರ ಕೆಲಸ ಮಾಡ್ತಿರುತ್ತೆ, ತಲೆ ಖಾಲಿ ಇರುತ್ತೆ, ಆಗ ನಾಳೆ ಬರೆಯೋ ಸನ್ನಿವೇಶವನ್ನ ಕಣ್ಮುಂದೆ ತಂದ್ಕೊಳಿ. ಯಾರು ಎಲ್ಲಿ ನಿಂತಿದಾರೆ, ಹೊತ್ತು ಎಷ್ಟು, ಒಲೆ ಮೇಲೆ ಏನಿದೆ, ಯಾರಿಗೆ ಯಾರ ಮೇಲೆ ಸಿಟ್ಟಿದೆ, ಮೊದಲ ಮಾತು ಯಾರು ಆಡ್ತಾರೆ. ರಾತ್ರಿ ಮಲಗೋಕೆ ಮುಂಚೆ ಒಂದು ಚೀಟೀಲಿ ಮೂರೇ ಮೂರು ಸಾಲು ಬರೆದು ಪ್ಯಾಡಿಗೆ ಸಿಕ್ಕಿಸಿ. ನನ್ನ ಹಳೇ ಚೀಟಿ ಒಂದು ಇನ್ನೂ ಇದೆ, ಅದರಲ್ಲಿ ಇರೋದು ಇಷ್ಟು: ಬೆಳಿಗ್ಗೆ ಆಲೆಮನೆ, ಚಿಕ್ಕಮ್ಮ ಲೆಕ್ಕದ ಬುಕ್ಕು ಕೇಳ್ತಾಳೆ, ಮಾದಪ್ಪ ಸುಳ್ಳು ಹೇಳ್ತಾನೆ. ಮಾರನೇ ದಿನ ರೈಲಲ್ಲಿ ಅದು ಎರಡು ಪುಟ ಆಯ್ತು, ಅವನ ಸುಳ್ಳು ಯಾವುದು ಅಂತ ಬರೆಯೋವಾಗ್ಲೇ ಗೊತ್ತಾಗಿದ್ದು, ಅಷ್ಟು ಮಾತ್ರ ಗೊತ್ತಿಲ್ದೇ ಇರ್ಬೇಕು, ಎಲ್ಲಾ ಗೊತ್ತಿದ್ರೆ ಬರೆಯೋ ಆಸೆ ಹೋಗುತ್ತೆ.

ಅದೇ ರೀತಿ ನಿಲ್ಲಿಸೋ ಜಾಗಾನೂ ನೋಡ್ಕೊಳಿ. ಅಧ್ಯಾಯ ಮುಗಿಸಿ ನಿಲ್ಲಿಸಿದ್ರೆ ಮಾರನೇ ದಿನ ಖಾಲಿ ಹಾಳೆ ಮುಂದೆ ಕೂರ್ಬೇಕು. ಇಬ್ರು ಜಗಳ ಆಡ್ತಿರೋವಾಗ ನಿಲ್ಲಿಸಿ, ಒಬ್ರು ಕೇಳಿದ ಪ್ರಶ್ನೆಗೆ ಇನ್ನೊಬ್ರು ಉತ್ತರ ಕೊಡೋಕೆ ಮುಂಚೆ ನಿಲ್ಲಿಸಿ. ನಾಗನಹಳ್ಳಿ ಬಂತು ಅಂತ ನಾನು ಬೇರೆ ದಾರಿ ಇಲ್ದೇ ಮಧ್ಯದಲ್ಲೇ ನಿಲ್ಲಿಸ್ತಿದ್ದೆ, ಆಮೇಲೆ ನೋಡಿದ್ರೆ ಅದೇ ದೊಡ್ಡ ಉಪಕಾರ ಆಗಿತ್ತು, ದಿನವೆಲ್ಲ ಆಫೀಸಲ್ಲಿ ವೋಚರ್ ನೋಡ್ತಿದ್ರೂ ಒಳಗೆ ಆ ಉತ್ತರ ಬೇಯ್ತಾ ಇರ್ತಿತ್ತು.

ಏನು ಬರೀಬೇಕು ಅನ್ನೋದಕ್ಕೆ ಬರ್ತೀನಿ. ನಾನು ಮೊದಲು ಬರೆದ ಅರವತ್ತು ಪುಟ ಮಲೆನಾಡಿನ ಕಥೆ. ಅಡಿಕೆ ತೋಟ, ಜಡಿಮಳೆ, ತೊಟ್ಟಿಮನೆ ಎಲ್ಲ ಇತ್ತು, ನಾನು ಅಲ್ಲಿ ಹೋಗಿದ್ದು ಎರಡೇ ಸಲ, ಪ್ರವಾಸಕ್ಕೆ. ಓದಿದ ಒಳ್ಳೊಳ್ಳೆ ಕಾದಂಬರಿಗಳಲ್ಲಿ ಮಲೆನಾಡು ಇತ್ತು ಅದಕ್ಕೇ ಕಾದಂಬರಿ ಅಂದ್ರೆ ಮಳೆ ಇರ್ಬೇಕು ಅಂತ ನನ್ನ ತಲೇಲಿ ಕೂತಿತ್ತು. ಅರವತ್ತನೇ ಪುಟದಲ್ಲಿ ಒಬ್ಬಳು ಅಡುಗೆ ಮಾಡ್ಬೇಕಿತ್ತು, ಅವಳು ಸೌದೆ ಎಲ್ಲಿಂದ ತರ್ತಾಳೆ, ಮಳೇಲಿ ಅದನ್ನ ಹೇಗೆ ಒಣಗಿಸ್ತಾಳೆ ಅಂತ ನಂಗೆ ಗೊತ್ತಿರ್ಲಿಲ್ಲ, ಪೆನ್ನು ನಿಂತೇಹೋಯ್ತು. ಆದ್ರೆ ಆಲೆಮನೆ ಒಲೆಗೆ ರಚ್ಚು ಹಾಕೋದು ಗೊತ್ತಿತ್ತು, ಹಿಂಡಿದ ಕಬ್ಬಿನ ಸಿಪ್ಪೆ ಬಿಸಿಲಲ್ಲಿ ಹರಡಿ ಒಣಗಿಸಿ ಅದನ್ನೇ ಒಲೆಗೆ ಉರುವಲು ಮಾಡೋದು, ಒಲೆ ಮುಂದೆ ಕೂತೋರ ಮುಖ ಕೆಂಪಗೆ ಆಗೋದು, ಕೊಪ್ಪರಿಗೇಲಿ ಹಾಲು ಉಕ್ಕಿ ಬರೋವಾಗ ಒಂದು ಹನಿ ಹರಳೆಣ್ಣೆ ಬಿಟ್ರೆ ನೊರೆ ಇಳಿಯೋದು, ಎಲ್ಲಾ ಗೊತ್ತಿತ್ತು. ನಮ್ಮೂರಲ್ಲಿ ಕಬ್ಬಿನ ರಸಕ್ಕೆ ಹಾಲು ಅಂತಾನೇ ಅನ್ನೋದು. ಅರವತ್ತು ಪುಟ ಕಟ್ಟಿ ಅಟ್ಟಕ್ಕೆ ಹಾಕ್ದೆ, ಆಲೆಮನೆ ಇಟ್ಕೊಂಡು ಬದುಕಿದ ಒಂದು ಕುಟುಂಬದ ಕಥೆ ಶುರು ಮಾಡ್ದೆ.

ಕುವೆಂಪು ಅವರೇ ಹುಡುಗರಾಗಿದ್ದಾಗ ಇಂಗ್ಲಿಷಲ್ಲಿ ಕವಿತೆ ಬರೀತಿದ್ರು, 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅದನ್ನ ತೋರಿಸಿದಾಗ ನಿಮ್ಮ ಭಾಷೇಲೇ ಬರೀಬೇಕಲ್ವಾ ಅಂತ ಅವರು ಹೇಳಿದ್ದು ಎಲ್ಲರಿಗೂ ಗೊತ್ತಿರೋ ವಿಷಯ. ನಾವು ಕನ್ನಡದಲ್ಲೇ ಬರೀತೀವಿ, ಆದ್ರೂ ಆ ಪ್ರಶ್ನೆ ನಮಗೂ ಇದೆ, ಯಾರ ಕನ್ನಡ, ಯಾವ ಊರಿನ ಕನ್ನಡ ಅಂತ.

ಸಂಭಾಷಣೆ ಬರೆಯೋವಾಗ ಈ ಪ್ರಶ್ನೆ ಪ್ರತಿ ಸಾಲಲ್ಲೂ ಬರುತ್ತೆ. ನನ್ನ ಮೊದಲ ಕರಡಲ್ಲಿ ಗದ್ದೆಯಿಂದ ಬಂದ ಮಗನಿಗೆ ತಾಯಿ, ಏನು ಮಗನೇ ಊಟ ಮಾಡಿದೆಯಾ ಅಂತ ಕೇಳ್ತಾಳೆ. ನಮ್ಮೂರಲ್ಲಿ ಯಾವ ತಾಯಿ ಹಂಗೆ ಕೇಳ್ತಾಳೆ? ಏನ್ಲಾ ಮಗ ಉಂಡ್ಯಾ ಅಂತಾಳೆ, ಅವನು ಊಂ ಕಣವ್ವ ಈಗ್ತಾನೆ ಉಂಡೆ ಅಂತಾನೆ. ಅದೇ ಕಥೇಲಿ ಮೈಸೂರಿನ ಅಗ್ರಹಾರದ ಒಂದು ಮನೆ ಬರುತ್ತೆ, ಅಲ್ಲಿ ಅಜ್ಜಿ ಊಟ ಆಯ್ತೇನೋ ಪುಟ್ಟಾ ಅಂತಾಳೆ. ಎರಡಕ್ಕೂ ಮಧ್ಯೆ ಇರೋದು ನಲವತ್ತೈದು ಕಿಲೋಮೀಟರು, ಆದ್ರೆ ಆ ಎರಡು ಸಾಲಲ್ಲೇ ಎರಡು ಮನೆ ಕಾಣುತ್ತೆ, ಒಲೆ, ಜಗಲಿ, ದುಡ್ಡು, ಜಾತಿ ಎಲ್ಲಾ ಕಾಣುತ್ತೆ, ನೀವು ವರ್ಣನೆ ಮಾಡೋ ಅಗತ್ಯಾನೇ ಬೀಳಲ್ಲ. ಒಂದು ಎಚ್ಚರಿಕೆ ಮಾತ್ರ, ಪ್ರತಿ ಅಕ್ಷರಾನೂ ಬಾಯಲ್ಲಿ ಬಂದಂಗೇ ಬರೀತೀನಿ ಅಂತ ಹೋದ್ರೆ ಓದೋರು ಎಡವ್ತಾರೆ. ಹ ಬದಲು ಅ, ಓಯ್ತಾವ್ನೆ ಬತ್ತಾವ್ನೆ, ಅದ್ಕೇಯಾ, ಕಣ್ಲಾ, ಇಂಥ ನಾಲ್ಕೈದು ಗುರುತು ಆರಿಸ್ಕೊಂಡು ಅವನ್ನ ಕೊನೇವರೆಗೂ ಒಂದೇ ಥರ ಬಳಸಿ, ಒಂದು ಪುಟದಲ್ಲಿ ಹೋಗ್ತಾನೆ ಇನ್ನೊಂದು ಪುಟದಲ್ಲಿ ಓಯ್ತಾನೆ ಅಂದ್ರೆ ಆ ಪಾತ್ರ ಸುಳ್ಳಾಗುತ್ತೆ. ಮತ್ತೆ ಹಳ್ಳಿ ಭಾಷೇನ ನಗಿಸೋಕೆ ಬಳಸಬೇಡಿ. ಸಿನಿಮಾ ಸೀರಿಯಲ್ ನೋಡಿ ನೋಡಿ ಮಂಡ್ಯ ಕನ್ನಡ ಅಂದ್ರೆ ಕಾಮಿಡಿ ಅಂತ ಆಗ್ಬಿಟ್ಟಿದೆ, ನಂಗೆ ತುಂಬಾ ನೋವಾಗೋ ವಿಷಯ ಇದು, ಅದೇ ಭಾಷೇಲಿ ಜನ ಅಳ್ತಾರೆ, ಸಾಲ ಕೊಟ್ಟೋರ ಕಾಲು ಹಿಡೀತಾರೆ, ಪ್ರೀತಿ ಹೇಳ್ಕೋತಾರೆ.

ಮಾತು ಕೇಳಿಸ್ಕೊಳೋಕೆ ಹೊರಗೆ ಹೋಗ್ಬೇಕು. ಯಾದವಗಿರೀಲಿದ್ದ ಆರ್.ಕೆ. ನಾರಾಯಣ್ ಇಂಗ್ಲಿಷಲ್ಲಿ ಬರೀತಿದ್ರು ನಿಜ, ಆದ್ರೆ ಅವರು ಮೈಸೂರಿನ ಬೀದೀಲಿ ನಡೀತಾ, ಅಂಗಡಿಯೋರ ಹತ್ರ ವಕೀಲರ ಹತ್ರ ನಿಂತು ಮಾತಾಡ್ತಾ ಬರೋದನ್ನ ಕೆಲಸದ ಭಾಗ ಅಂತಾನೇ ನೋಡ್ತಿದ್ರು. ನಾನು ಶನಿವಾರ ಅರ್ಧ ದಿನ ಸಿಕ್ಕಾಗ ದೇವರಾಜ ಮಾರ್ಕೆಟ್ಟಲ್ಲಿ ಬೆಲ್ಲದ ಅಂಗಡಿ ಸಾಲಲ್ಲಿ ನಿಂತ್ಕೊತಿದ್ದೆ, ಅರ್ಧ ಕೆಜಿ ತಗೊಳೋಕೆ ಅರ್ಧ ಗಂಟೆ. ಜನರ ಹತ್ರ ನಿಮ್ಮ ಕಥೆ ಹೇಳಿ ಅಂತ ಮಾತ್ರ ಕೇಳಬೇಡಿ, ಹಾಗೆ ಕೇಳಿದ್ರೆ ಅವರು ಪೇಪರಲ್ಲಿ ಓದಿದ ಮಾತು ಹೇಳ್ತಾರೆ. ಬೆಳಿಗ್ಗೆ ಬಂದ ತಕ್ಷಣ ಮೊದಲು ಏನು ಮಾಡ್ತೀರಿ ಅಂತ ಕೇಳಿ. ಈ ಬೆಲ್ಲ ಯಾಕೆ ಕಪ್ಪಗಿದೆ, ಅಚ್ಚು ಬೆಲ್ಲಕ್ಕೂ ಬಕೆಟ್ ಬೆಲ್ಲಕ್ಕೂ ರೇಟಲ್ಲಿ ಯಾಕೆ ವ್ಯತ್ಯಾಸ ಅಂತ ಕೇಳಿ. ಕೈ ಕೆಲಸದ ಬಗ್ಗೆ ಮಾತು ಶುರುವಾದ್ರೆ ಅದರ ಹಿಂದೇನೇ ಮಗಳ ಮದುವೆ, ಅಣ್ಣತಮ್ಮಂದಿರ ಭಾಗ, ಕೈಕೊಟ್ಟ ಪಾಲುದಾರ ಎಲ್ಲಾ ಬರುತ್ತೆ. ಮನೆಗೆ ಬಂದ ತಕ್ಷಣ ಬರೆದಿಟ್ಕೊಳಿ, ಮಾರನೇ ದಿನಕ್ಕೆ ಅವರ ಪದ ಹೋಗಿ ನಿಮ್ಮ ಪದ ಬಂದಿರುತ್ತೆ.

ಹಾಗಂತ ಒಬ್ಬರ ಜೀವನ ಇದ್ದಂಗೇ ಎತ್ತಿ ಹಾಕೋದು ತಪ್ಪು. ನನ್ನ ಕಥೆಯ ಚಿಕ್ಕಮ್ಮನಲ್ಲಿ ಮೂರು ಜನ ಹೆಂಗಸರಿದಾರೆ, ಒಬ್ಬರ ನಡಿಗೆ, ಒಬ್ಬರ ಸಿಟ್ಟು, ಇನ್ನೊಬ್ಬರ ಲೆಕ್ಕ ಬರೆಯೋ ಅಭ್ಯಾಸ, ಊರು ಬೇರೆ, ಕಾಲ ಬೇರೆ ಮಾಡಿದೀನಿ. ಯಾರದ್ದಾದ್ರೂ ಮನೆಯ ನೋವು ಗುರುತು ಸಿಗೋ ಹಂಗಿದ್ರೆ ಹೋಗಿ ಕೇಳಿ, ಬೇಡ ಅಂದ್ರೆ ಬಿಟ್ಬಿಡಿ.

ಮನಸ್ಸಿನ ಒಳಗಿನ ವಿಷಯ ಬರೆಯೋಕೆ ಓದೂ ಬೇಕಾಗುತ್ತೆ. ತ್ರಿವೇಣಿಯವರನ್ನ ನೆನೆಸ್ಕೊಳ್ಳದೇ ಇರೋಕೆ ನಂಗೆ ಆಗಲ್ಲ, 1928ರಲ್ಲಿ ನಮ್ಮ ಮಂಡ್ಯದಲ್ಲೇ ಹುಟ್ಟಿದವರು, ಮೈಸೂರಲ್ಲಿ ಮನಃಶಾಸ್ತ್ರ ಓದಿದವರು, ಮನಸ್ಸಿನ ಕಾಯಿಲೆ ಬಂದ ಹೆಣ್ಣನ್ನ ಮನೆಯವರು ಹೇಗೆ ನೋಡ್ತಾರೆ ಅಂತ ಆ ಕಾಲದಲ್ಲೇ ಬರೆದ್ರು, 1963ರಲ್ಲಿ ತೀರಿಹೋದಾಗ ಅವರಿಗೆ ಮೂವತ್ತೈದೂ ತುಂಬಿರ್ಲಿಲ್ಲ, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ. ಮೈಸೂರಿನ ಚಾಮರಾಜಪುರಂ ಕಡೆ ಹೋದಾಗೆಲ್ಲ ಅವರು ಇಲ್ಲೇ ಇದ್ರು ಅಂತ ನೆನಪಾಗಿ ಎರಡು ನಿಮಿಷ ನಿಂತು ಬರ್ತೀನಿ. ಅವರ ಹೆಣ್ಣು ಪಾತ್ರಗಳು ನಿಜ ಅನ್ಸೋದು ಬರೀ ಕರುಣೆಯಿಂದ ಅಲ್ಲ, ಆ ಕಾಯಿಲೆ ಹೇಗೆ ಬರುತ್ತೆ ಹೇಗೆ ಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಕಥೇಲಿ ಕೋರ್ಟ್ ಬಂದ್ರೆ ಕೋರ್ಟಲ್ಲಿ ಒಂದು ದಿನ ಕೂತು ಬನ್ನಿ, ಡಯಾಲಿಸಿಸ್ ಬಂದ್ರೆ ಅದು ಎಷ್ಟು ಗಂಟೆ ಹಿಡಿಯುತ್ತೆ ಅಂತ ತಿಳ್ಕೊಳಿ.

ಅರ್ಧಕ್ಕೆ ಬಂದಾಗ ನಿಲ್ಲುತ್ತೆ. ಎಲ್ಲರಿಗೂ ನಿಲ್ಲುತ್ತೆ, ನಂಗೆ ತೊಂಬತ್ತನೇ ಪುಟ. ಶುರುವಿನ ಖುಷಿ ಮುಗಿದಿರುತ್ತೆ, ಕೊನೆ ಕಾಣ್ತಿರಲ್ಲ, ಹೊಸ ಕಥೆ ಒಂದು ತಲೇಲಿ ಹುಟ್ಟಿ ಅದೇ ಚೆನ್ನಾಗಿದೆ ಇದನ್ನ ಬಿಡು ಅಂತ ಕರೆಯುತ್ತೆ. ಆ ಹೊಸ ಕಥೇನ ಒಂದು ಪುಟದಲ್ಲಿ ಬರೆದು ಡಬ್ಬಿಗೆ ಹಾಕಿ, ಹಳೇದನ್ನ ಬಿಡಬೇಡಿ. ನಾನು ಏನು ಮಾಡ್ದೆ ಅಂದ್ರೆ ಹಳೇ ಗೋಡೆ ಕ್ಯಾಲೆಂಡರಿನ ಹಿಂಬದಿ ಹಾಳೇಲಿ ಅಲ್ಲಿವರೆಗಿನ ಪ್ರತಿ ಸನ್ನಿವೇಶಕ್ಕೂ ಒಂದೊಂದು ಸಾಲು ಬರೆದೆ, ಯಾರಿಗೆ ಏನು ಬೇಕಿತ್ತು, ಸಿಕ್ತಾ ಇಲ್ವಾ ಅಂತ. ನೋಡಿದ್ರೆ ಮೂವತ್ತು ಪುಟದಿಂದ ನನ್ನ ಮುಖ್ಯ ಪಾತ್ರಕ್ಕೆ ಏನೂ ಬೇಕಾಗಿರ್ಲಿಲ್ಲ, ಬರೀ ಅಕ್ಕಪಕ್ಕದೋರ ಮಾತು ಕೇಳ್ತಾ ಕೂತಿದ್ಲು. ಅವಳಿಗೆ ಮೈಸೂರಿಗೆ ಹೋಗೋ ಆಸೆ ಕೊಟ್ಟೆ, ಕೈಯಲ್ಲಿ ದುಡ್ಡಿಲ್ಲದ ಹಾಗೆ ಮಾಡ್ದೆ, ಕಥೆ ಮತ್ತೆ ಹೊರಟಿತು. ನಿಂತಾಗ ಎಲ್ಲರೂ ಸ್ಫೂರ್ತಿ ಇಲ್ಲ ಅಂತಾರೆ, ನಿಜವಾಗ್ಲೂ ನೋಡಿದ್ರೆ ಸುಮಾರು ಸಲ ಪಾತ್ರಕ್ಕೆ ಬೇಕಾದ್ದು ಏನು ಅಂತ ನಮಗೇ ಮರೆತಿರುತ್ತೆ.

ಮನೆಯೋರಿಗೆ ಹೇಳಿ. ನಾನು ಒಂದು ವರ್ಷ ಮುಚ್ಚಿಟ್ಟಿದ್ದೆ, ಮುಗಿಸಕ್ಕಾಗದೇ ಇದ್ರೆ ನಗ್ತಾರೆ ಅಂತ ಭಯ. ಒಂದಿನ ಅತ್ತೆ ಚೀಟಿ ನೋಡಿ, ಯಾರಮ್ಮಾ ಇದು ಮಾದಪ್ಪ ಅಂತ ಕೇಳಿದ್ರು, ಹೇಳ್ಲೇಬೇಕಾಯ್ತು. ಆವತ್ತಿಂದ ರಾತ್ರಿ ಊಟ ಆದ್ಮೇಲೆ ಹದಿನೈದು ನಿಮಿಷ ಅತ್ತೆನೇ ಅಡುಗೆಮನೆ ಒರೆಸಿ, ನೀನು ಹೋಗು ಚೀಟಿ ಬರ್ಕೊ ಹೋಗು ಅಂತ ಕಳಿಸ್ತಿದ್ರು. ಈ ಹದಿನೈದು ನಿಮಿಷ ಇಲ್ದೇ ಇದ್ರೆ ಆ ಪುಸ್ತಕ ಇಲ್ಲ.

ಕರಡು ಮುಗಿದ್ಮೇಲೆ ಎರಡು ತಿಂಗಳು ಅದನ್ನ ಮುಟ್ಟಬೇಡಿ, ಬೇರೆಯೋರ ಪುಸ್ತಕ ಓದಿ. ಆಮೇಲೆ ತೆಗೆದು ಜೋರಾಗಿ ಓದಿ, ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳುತ್ತೆ, ಉಸಿರು ಸಿಕ್ಕಲ್ಲ ಅನ್ನೋ ಕಡೆ ವಾಕ್ಯ ಕೆಟ್ಟಿರುತ್ತೆ. ನಾನು ಎರಡನೇ ಪ್ರತೀನ ಟೈಪ್ ಮಾಡ್ತಾನೇ ತಿದ್ದಿದ್ದು. ಫೋನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಈಗ ಪರವಾಗಿಲ್ಲ, ಆದ್ರೆ ಮಂಡ್ಯ ಮಾತು ಅದಕ್ಕೆ ಅರ್ಥ ಆಗಲ್ಲ, ಉಂಡ್ಯಾ ಅಂದ್ರೆ ಇಂಡಿಯಾ ಅಂತ ಹಾಕುತ್ತೆ, ಸಂಭಾಷಣೆ ಕೈಯಲ್ಲೇ ಟೈಪ್ ಮಾಡಿ. ಯಾವ ಫೋನು ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡಲ್ಲೇ ಮಾಡಿ. ಡಿಟಿಪಿಯೋರು ಇನ್ನೂ ಸುಮಾರು ಕಡೆ ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿಗೆ ಬದಲಾಯಿಸಿ ಪುಟ ಕಟ್ತಾರೆ, ಬದಲಾಯಿಸೋವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಒಡೆದುಹೋಗುತ್ತೆ, ಅಚ್ಚಿಗೆ ಮುಂಚೆ ತಪ್ಪು ನೋಡೋಕೆ ಕೊಡೋ ಪ್ರೂಫ್ ಬಂದಾಗ ಅದನ್ನೇ ಮೊದಲು ನೋಡ್ಬೇಕು. ಓದೋಕೆ ಮೂರು ಜನರಿಗೆ ಕೊಡಿ ಸಾಕು, ತುಂಬಾ ಓದಿರೋರು ಒಬ್ರು, ಓದು ಕಮ್ಮಿ ಇರೋರು ಒಬ್ರು, ಆ ಕೆಲಸ ಆ ಊರು ಗೊತ್ತಿರೋರು ಒಬ್ರು. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲಿ ಪುಸ್ತಕ ಮುಚ್ಚಿ ಎದ್ದು ಹೋದ್ರಿ ಅಂತ ಕೇಳಿ.

ಪ್ರಕಾಶನದ ದಾರಿ ನಿಧಾನ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಆಗಿ ಬರೋದು ಹಿಂದೆ ದೊಡ್ಡ ದಾರಿ, ಈಗ ಆ ಜಾಗ ಕಮ್ಮಿ ಆಗಿದೆ, ಆದ್ರೆ ಸಣ್ಣಕತೆ ಕಳಿಸಿ ಹೆಸರು ಪರಿಚಯ ಮಾಡ್ಕೊಳೋಕೆ ಪತ್ರಿಕೆಗಳು, ದೀಪಾವಳಿ ಕಥಾಸ್ಪರ್ಧೆಗಳು ಈಗ್ಲೂ ಒಳ್ಳೇದು. ಪ್ರತಿಲಿಪಿಯಂಥ ಓದೋ ಬರೆಯೋ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಹಾಕೋರೂ ಇದಾರೆ, ಓದುಗರು ಬೇಗ ಸಿಗ್ತಾರೆ, ಆದ್ರೆ ತಿದ್ದೋಕೆ ತಾಳ್ಮೆ ಹೋಗುತ್ತೆ ಅಂತ ನನ್ನ ಅನಿಸಿಕೆ. ಪ್ರಕಾಶಕರಿಗೆ ಕಳಿಸೋವಾಗ ಪೂರ್ತಿ ಕಳಿಸಬೇಡಿ, ಒಂದು ಪುಟದ ಪತ್ರ, ಒಂದು ಪುಟ ಕಥಾಸಾರ, ಮೊದಲ ಮೂವತ್ತು ಪುಟ. ನಂಗೆ ಇಬ್ರು ಉತ್ತರಾನೇ ಕೊಡ್ಲಿಲ್ಲ, ಒಬ್ರು ತುಂಬಾ ಹೊಗಳಿ ಆಮೇಲೆ ಖರ್ಚಿನ ಪೂರ್ತಿ ದುಡ್ಡು ನೀವೇ ಕೊಡಿ, ಮುನ್ನೂರು ಪ್ರತಿ ನೀವೇ ತಗೊಳಿ ಅಂದ್ರು, ಆವತ್ತು ವಾಪಸ್ ಬರ್ತಾ ರೈಲಲ್ಲಿ ಅತ್ತಿದೀನಿ. ನಾರಾಯಣ್ ಅವರ ಮೊದಲ ಕಾದಂಬರಿ ಲಂಡನ್ನಿನ ಪ್ರಕಾಶಕರಿಂದ ಮತ್ತೆ ಮತ್ತೆ ವಾಪಸ್ ಬಂದು, ಬೇಜಾರಾಗಿ ಆಕ್ಸ್‌ಫರ್ಡಲ್ಲಿದ್ದ ಗೆಳೆಯನಿಗೆ ಅದನ್ನ ಥೇಮ್ಸ್ ನದಿಗೆ ಎಸೆದುಬಿಡು ಅಂತ ಬರೆದಿದ್ರು, ಆ ಗೆಳೆಯ ಎಸೀದೇ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟಿದ್ರಿಂದ 1935ರಲ್ಲಿ ಅದು ಪುಸ್ತಕ ಆಯ್ತು. ನಾಲ್ಕನೇ ಪ್ರಕಾಶಕರು ಒಪ್ಪೋವರೆಗೂ ನಾನು ಇದನ್ನ ಎಷ್ಟು ಸಲ ನೆನೆಸ್ಕೊಂಡಿದೀನೋ.

ಒಪ್ಪಿದ್ಮೇಲೆ ಬಾಯಿಮಾತಲ್ಲಿ ಬಿಡಬೇಡಿ, ಎಷ್ಟು ಪ್ರತಿ, ಗೌರವಧನ ದುಡ್ಡಲ್ಲೋ ಪುಸ್ತಕದಲ್ಲೋ, ಎರಡನೇ ಮುದ್ರಣಕ್ಕೆ ಏನು, ಸಿನಿಮಾ ಹಕ್ಕು ಯಾರದ್ದು, ಇಷ್ಟನ್ನ ಕಾಗದದಲ್ಲಿ ಬರೆಸ್ಕೊಳಿ. ಹಕ್ಕುಸ್ವಾಮ್ಯ ನೀವು ಬರೆದ ಕ್ಷಣದಿಂದ್ಲೇ ನಿಮ್ಮದು, ನೋಂದಣಿ ಮಾಡಿಸಲೇಬೇಕು ಅಂತಿಲ್ಲ, 1957ರ ಕಾಯ್ದೆ ಪ್ರಕಾರ ಬರೆದೋರು ತೀರಿಹೋದ ಮೇಲೂ 60 ವರ್ಷ ಇರುತ್ತೆ, ಅದನ್ನ ಸುಮ್ಮನೆ ಪೂರ್ತಿ ಬರೆದುಕೊಡಬೇಡಿ. ನೀವೇ ಅಚ್ಚು ಹಾಕಿಸೋದಾದ್ರೆ ಐಎಸ್‌ಬಿಎನ್ ಅನ್ನೋ ಪುಸ್ತಕದ ಗುರುತಿನ ನಂಬರು ನಮ್ಮ ದೇಶದಲ್ಲಿ ಉಚಿತ, ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿಗೆ ಆನ್‌ಲೈನಲ್ಲೇ ಅರ್ಜಿ, ಅದಕ್ಕೆ ಸಾವಿರಾರು ರೂಪಾಯಿ ಕೇಳೋರನ್ನ ನಂಬಬೇಡಿ. ಯುವ ಬರಹಗಾರರ ಚೊಚ್ಚಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತೆ, ಪೇಪರಲ್ಲಿ ಪ್ರಕಟಣೆ ಬರೋದನ್ನ ನೋಡ್ತಿರಿ.

ಕೊನೇ ಪ್ರೂಫ್ ಬಂದಾಗ ನಾನು ಊರಿಗೆ ತಗೊಂಡು ಹೋದೆ. ನಮ್ಮ ದೊಡ್ಡಮ್ಮನಿಗೆ ಓದೋಕೆ ಬರಲ್ಲ, ಮೂವತ್ತು ವರ್ಷ ಆಲೆಮನೇಲಿ ದುಡಿದೋರು, ಜಗಲಿ ಮೇಲೆ ಕೂರಿಸ್ಕೊಂಡು ಎರಡು ದಿನ ಓದಿ ಹೇಳ್ದೆ. ನೀವೂ ಹೀಗೆ ಮಾಡಿ, ಪುಟ ಪುಟಾನೂ ಓದಿ, ಪ್ರೂಫಲ್ಲಿ ಬದಲಾವಣೆ ಮಾಡಿದ್ರೆ ಡಿಟಿಪಿಯೋರು ಬೈತಾರೆ, ಬೈಲಿ. ನೂರಾ ಎಪ್ಪತ್ತನೇ ಪುಟದ ಹತ್ರ ಚಿಕ್ಕಮ್ಮ ಪಾಕ ಹದಕ್ಕೆ ಬಂತಾ ಅಂತ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾ, ಮಾದಪ್ಪನಿಗೆ ತನ್ನ ಸಾಲದ ವಿಷಯವೆಲ್ಲ ಹೇಳ್ಕೊಳೋ ಸನ್ನಿವೇಶ ಇತ್ತು, ನಂಗೆ ತುಂಬಾ ಇಷ್ಟ ಆಗಿದ್ದ ಎರಡು ಪುಟ. ದೊಡ್ಡಮ್ಮ ಕೈ ಅಡ್ಡ ಇಟ್ರು.

"ಪಾಕ ನೋಡುವಾಗ ಯಾರೂ ಮಾತಾಡಕಿಲ್ಲ ಕಣವ್ವ. ಒಂದ್ ಗಳಿಗೆ ಅಂಗ್ ಇಂಗ್ ಆದ್ರೂವೆ ಕೊಪ್ಪರಿಗೇನೇ ಕೆಟ್ಟೋಯ್ತದೆ. ಎಲ್ರೂ ಅವ್ಳ ಬೆರಳೇ ನೋಡ್ತಾ ನಿಂತಿರ್ತಾರೆ."

ವಾಪಸ್ ಬರ್ತಾ ರೈಲಲ್ಲಿ ಆ ಎರಡು ಪುಟ ಹೊಡೆದುಹಾಕ್ದೆ. ಅವಳು ಬೆರಳು ನೀರಿಗೆ ಅದ್ದುತ್ತಾಳೆ, ಮಾದಪ್ಪ ನೋಡ್ತಾ ನಿಂತಿದಾನೆ, ಅಷ್ಟೇ ಉಳಿಸ್ಕೊಂಡೆ. ಪ್ರೆಸ್ಸಿನೋರು ಫಾರಂ ಲೆಕ್ಕ ತಪ್ಪುತ್ತೆ ಮೇಡಂ, ಏನಾದ್ರೂ ತುಂಬಿಸಿಕೊಡಿ ಅಂದ್ರು. ಬೇಡ ಅಂದೆ. 207, 208ನೇ ಪುಟ ಖಾಲಿ ಇದೆ.